ಕೆನಡಾದಲ್ಲಿ ಇಂಡಿಜಿನಸ್ ಸ್ಟಡೀಸ್ ಪದವಿ: ಅರ್ಜಿಯಿಂದ ಕೊನೇ ವರ್ಷದವರೆಗೆ

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ನನ್ನ ಫೋನಿಗೆ ಒಂದೇ ತರಹದ ಮೆಸೇಜು ಬರುತ್ತದೆ. "ಅಣ್ಣಾ, ಮೊದಲ ಪ್ರಬಂಧಕ್ಕೆ 52 ಬಂತು. ಇಂಗ್ಲಿಷ್ ಸರಿಯಾಗೇ ಇದೆ. ಏನು ತಪ್ಪು ಅಂತಾನೇ ಅರ್ಥ ಆಗ್ತಿಲ್ಲ." ಜೊತೆಗೆ ಹಾಳೆಯ ಫೋಟೋ. ಅಂಚಿನಲ್ಲಿ ಮೇಷ್ಟ್ರು ಬರೆದಿರುವುದೂ ಹೆಚ್ಚುಕಡಿಮೆ ಒಂದೇ: ಯಾವ ಜನ? ಯಾವ ನೆಲ? ಬರೆಯುತ್ತಿರುವ ನೀನು ಯಾರು?

ಇಂಡಿಜಿನಸ್ ಸ್ಟಡೀಸ್ ಅಂದರೆ ಆ ನೆಲದ ಮೂಲನಿವಾಸಿಗಳ ಇತಿಹಾಸ, ಭಾಷೆ, ಹಕ್ಕುಗಳ ಓದು. ನಾನೂ ಈ ಪದವಿ ಓದಿದವನೇ, ಪ್ರೈರಿ ಬಯಲಿನ ಕಡೆ. ನನ್ನ ಮೊದಲ ಪ್ರಬಂಧಕ್ಕೂ ಇದೇ ಮೂರು ಪ್ರಶ್ನೆ ಬಿದ್ದಿದ್ದವು. ಆಮೇಲೆ ಎಷ್ಟೋ ಹುಡುಗರ ಪ್ರಬಂಧ ನೋಡಿದ್ದೇನೆ. ಇಲ್ಲಿ ಎಡವುವವರಲ್ಲಿ ಬುದ್ಧಿವಂತರೇ ಜಾಸ್ತಿ. ಅವರು ತಪ್ಪಿಸುವುದು ಕೆಲಸಗಳ ಸರದಿಯನ್ನು. ಮೊದಲು ಉತ್ತರ ಬರೆದು, ಆಮೇಲೆ ಜನರನ್ನು ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ.

## ಕೈಯಲ್ಲಿ ಇರಬೇಕಾದ್ದು

ಒಂದು ದಪ್ಪ ನೋಟ್‌ಬುಕ್. ಓದಿದ ಲೇಖನಗಳ ಲೆಕ್ಕ ಇಡಲು ಜೊಟೆರೊ ಎಂಬ ಸಾಫ್ಟ್‌ವೇರ್, ಅದು ಪುಕ್ಕಟೆ. ಯಾವ ನೆಲ ಯಾವ ಜನರದ್ದು ಎಂದು ತೋರಿಸುವ ನೇಟಿವ್ ಲ್ಯಾಂಡ್ ನಕ್ಷೆ. ಅದರಲ್ಲಿ ಗಡಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಅದು ನಕ್ಷೆಯ ತಪ್ಪಲ್ಲ, ವಾಸ್ತವ ಇರುವುದೇ ಹಾಗೆ. ಆದರೆ ಅದನ್ನು ಕಾನೂನಿನ ಗಡಿ ಅಂದುಕೊಳ್ಳಬೇಡಿ.

ಒಳ್ಳೆಯ ಚಳಿಗಾಲದ ಬೂಟು ಬೇಕೇ ಬೇಕು. ಕೆಲವು ಕ್ಲಾಸು ಹೊರಗೆ, ಹಿಮದಲ್ಲಿ ನಡೆಯುತ್ತವೆ. ಜನವರಿಯಲ್ಲಿ ಮೈನಸ್ 30 ಡಿಗ್ರಿ ಇದ್ದಾಗ ಮೊಲಕ್ಕೆ ಉರುಲು ಕಟ್ಟುವುದನ್ನು ನೋಡುತ್ತಾ ಸ್ಪೋರ್ಟ್ಸ್ ಶೂನಲ್ಲಿ ನಿಂತವನು ನಾನು. ಆ ದಿನ ಉರುಲಿನ ಬಗ್ಗೆ ಏನೂ ಕಲಿಯಲಿಲ್ಲ.

## ಹಂತ 1: ಊರು ನೋಡಿ ಕೋರ್ಸು ಆರಿಸಿ

ಹೆಚ್ಚಿನವರು ರ್‍ಯಾಂಕಿಂಗ್ ಪಟ್ಟಿ ನೋಡಿ ಅರ್ಜಿ ಹಾಕುತ್ತಾರೆ. ಈ ವಿಷಯಕ್ಕೆ ಅದು ಕೆಲಸಕ್ಕೆ ಬಾರದು. ನೀವು ನಾಲ್ಕು ವರ್ಷ ಕಲಿಯುವುದು ಆ ವಿಶ್ವವಿದ್ಯಾಲಯ ಕೂತಿರುವ ನೆಲದ ಜನರಿಂದ. ಆದ್ದರಿಂದ ಮೊದಲು ನಕ್ಷೆ ತೆಗೆಯಿರಿ.

ಪೀಟರ್‌ಬರೋದ ಟ್ರೆಂಟ್ ವಿಶ್ವವಿದ್ಯಾಲಯದಲ್ಲಿ ಈ ವಿಷಯ 1969ರಿಂದ ಇದೆ. ಅದು ಮಿಚಿ ಸಾಗೀಗ್ ಅನಿಶಿನಾಬೆಗ್ ಜನರ ನೆಲ. ಎಡ್ಮಂಟನ್‌ನ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ನೇಟಿವ್ ಸ್ಟಡೀಸ್‌ಗೆ ಪ್ರತ್ಯೇಕ ಫ್ಯಾಕಲ್ಟಿಯೇ ಇದೆ. ಸಾಸ್ಕಾಟೂನ್, ಎಡ್ಮಂಟನ್ ಎರಡೂ 1876ರ ಟ್ರೀಟಿ 6 (ಸರ್ಕಾರ ಮತ್ತು ಅಲ್ಲಿನ ಜನರ ನಡುವಿನ ಒಪ್ಪಂದ) ನೆಲ, ಅಲ್ಲಿನ ಕ್ರೀ ಜನರ ಭಾಷೆ ಕಲಿಯಲು ಒಳ್ಳೆಯ ಜಾಗ. ರೆಜೈನಾದ ಫಸ್ಟ್ ನೇಷನ್ಸ್ ಯೂನಿವರ್ಸಿಟಿ ಆಫ್ ಕೆನಡಾ ನಡೆಯುವುದೇ ಫಸ್ಟ್ ನೇಷನ್ಸ್ (ಕ್ರೀ, ಡೆನೆಯಂಥ ಮೂಲನಿವಾಸಿ) ಜನರ ಆಡಳಿತದಲ್ಲಿ. ವ್ಯಾಂಕೂವರ್‌ನ ಯುಬಿಸಿ (ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ) ಇರುವುದು ಮಸ್ಕ್ವಿಯಂ ಜನರ ನೆಲದಲ್ಲಿ. ಅಲ್ಲಿ ಟ್ರೀಟಿಯೇ ಆಗಿಲ್ಲ, ಹಾಗಾಗಿ ಅಲ್ಲಿಯ ಓದಿನ ದಿಕ್ಕೇ ಬೇರೆ.

ಆಮೇಲೆ ಕೋರ್ಸ್ ಪಟ್ಟಿಯಲ್ಲಿ ಮೂರು ಹುಡುಕಿ: ಆ ನೆಲದ ಭಾಷೆಯ ಕ್ಲಾಸು, ಹೊರಗೆ ನೆಲದ ಮೇಲೆ ನಡೆಯುವ ಕ್ಲಾಸು, ಸಮುದಾಯದ ಜೊತೆ ಕೆಲಸ ಮಾಡುವ ಪ್ರಾಕ್ಟಿಕಂ.

ಎಚ್ಚರಿಕೆಯ ಗುರುತು: ವಿಭಾಗದ ಪಟ್ಟಿಯಲ್ಲಿ ಒಂದೂ ಇಂಡಿಜಿನಸ್ ಭಾಷೆ ಇಲ್ಲ, ಪಾಠ ಮಾಡುವವರಲ್ಲಿ ಆ ಸಮುದಾಯದವರು ಯಾರೂ ಇಲ್ಲ ಅಂದರೆ ಮುಂದಿನ ಹೆಸರಿಗೆ ಹೋಗಿ.

## ಹಂತ 2: ಅರ್ಜಿಯಲ್ಲಿ ಆ ಒಂದು ಚೌಕ

ಪಿಯುಸಿಯಲ್ಲಿ ಸೈನ್ಸ್ ತಗೊಂಡಿದ್ದರೂ ಸಾಮಾನ್ಯವಾಗಿ ತೊಂದರೆ ಇಲ್ಲ. ಸ್ಟಡಿ ಪರ್ಮಿಟ್ಟಿಗೆ 2024ರಿಂದ ಪ್ರಾಂತ್ಯದ ದೃಢೀಕರಣ ಪತ್ರವೂ ಬೇಕು. ಬ್ಯಾಂಕಿನಲ್ಲಿ ತೋರಿಸಬೇಕಾದ ಮೊತ್ತ ಬದಲಾಗುತ್ತಲೇ ಇರುತ್ತದೆ. ಏಜೆಂಟ್ ಬಾಯಿಮಾತಿಗೆ ಬಿಡದೆ ಕೆನಡಾ ಸರ್ಕಾರದ ವೆಬ್‌ಸೈಟನ್ನು ನೀವೇ ನೋಡಿ. ಇಷ್ಟು ಎಲ್ಲ ಕೋರ್ಸಿಗೂ ಒಂದೇ.

ಈ ಪದವಿಗೆ ಬರುವವರು ವಿಶೇಷವಾಗಿ ಎಡವುವ ಗುಂಡಿ ಬೇರೆ. ಅರ್ಜಿಯಲ್ಲಿ "ನೀವು ಇಂಡಿಜಿನಸ್ಸಾ?" ಎಂದು ಕೇಳುವ ಒಂದು ಚೌಕ ಇರುತ್ತದೆ. ಕೆಲವು ಫಾರಂಗಳಲ್ಲಿ ಪಕ್ಕದಲ್ಲೇ "ಸ್ಟೇಟಸ್ ಇಂಡಿಯನ್" ಎಂಬ ಪದವೂ ಇರುತ್ತದೆ. ನಾವು ಇಂಡಿಯನ್ನರೇ ಅಲ್ವಾ ಅಂತ ಗುರುತು ಹಾಕಿ ಬಿಟ್ಟವರಿದ್ದಾರೆ. ಹಾಕಬೇಡಿ. ಅಲ್ಲಿ ಇಂಡಿಯನ್ ಅನ್ನುವುದು 1876ರ ಇಂಡಿಯನ್ ಆ್ಯಕ್ಟ್‌ನಿಂದ ಬಂದ ಕಾನೂನಿನ ಪದ, ನಮ್ಮ ಪಾಸ್‌ಪೋರ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಹಾಸನದ ಗೆಳೆಯನೊಬ್ಬ ಮೊದಲ ವಾರ ಆ ಕಾಯ್ದೆಯ ಹೆಸರು ಕೇಳಿ ಗಾಬರಿಯಾಗಿ, "ನಮ್ಮ ಮೇಲೂ ಬೇರೆ ಕಾನೂನು ಮಾಡಿಟ್ಟಿದ್ದಾರಾ?" ಅಂದಿದ್ದ.

ಸೋಲಿಗ, ಜೇನುಕುರುಬ, ಕೊರಗ ಸಮುದಾಯದ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇನ್ನೂ ಸೂಕ್ಷ್ಮ: "ನಾವು ನಿಜವಾಗಲೂ ಆದಿವಾಸಿಗಳೇ. ಹಾಕಬಹುದಾ?" ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೆನಡಾ ಸಂವಿಧಾನದ 35ನೇ ಕಲಂ ಹೇಳುವುದು ಅಲ್ಲಿನ ಇಂಡಿಯನ್, ಇನ್ಯೂಟ್ (ಉತ್ತರ ಧ್ರುವದ ಕಡೆಯವರು), ಮೇಟಿ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದವರು) ಜನರ ಬಗ್ಗೆ. ಅಲ್ಲಿನ ಮೀಸಲು ಸೀಟು, ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಅವರಿಗೇ. ನಮ್ಮ ಎಸ್‌ಟಿ ಸರ್ಟಿಫಿಕೇಟು ಅಲ್ಲಿ ನಡೆಯುವುದಿಲ್ಲ. ಸುಳ್ಳು ಗುರುತು ಹೇಳಿಕೊಂಡವರ ಪ್ರಕರಣಗಳು ಹೊರಬಿದ್ದ ಮೇಲೆ ಹಲವು ವಿಶ್ವವಿದ್ಯಾಲಯಗಳು ದಾಖಲೆ ಕೇಳಲು ಶುರು ಮಾಡಿವೆ. ಚೌಕ ಖಾಲಿ ಬಿಡಿ, ನಿಮ್ಮ ಸಮುದಾಯದ ವಿಷಯವನ್ನು ಅರ್ಜಿಯ ಪತ್ರದಲ್ಲಿ ಹೆಸರು ಹಿಡಿದು ಬರೆಯಿರಿ. ಅದಕ್ಕೆ ಅಲ್ಲಿ ಬೆಲೆ ಇದೆ.

ಪತ್ರದಲ್ಲಿ "ಅವರಿಗೆ ಸಹಾಯ ಮಾಡಬೇಕು ಎಂಬುದು ನನ್ನ ಕನಸು" ಅಂತ ಬರೆಯಬೇಡಿ. ಯಾರೂ ನಿಮ್ಮ ಸಹಾಯ ಕೇಳಿಲ್ಲ. ಏನು ಕಲಿಯಬೇಕು, ಅದನ್ನು ಈ ಊರಿನಲ್ಲೇ ಯಾಕೆ ಕಲಿಯಬೇಕು, ಇಷ್ಟನ್ನು ಬರೆಯಿರಿ.

## ಹಂತ 3: ಹೊರಡುವ ಮುಂಚಿನ ಮೂರು ತಿಂಗಳು

ಮೊದಲ ಕೆಲಸ, ಆಲ್ಬರ್ಟಾ ವಿಶ್ವವಿದ್ಯಾಲಯದ "ಇಂಡಿಜಿನಸ್ ಕೆನಡಾ" ಎಂಬ ಆನ್‌ಲೈನ್ ಕೋರ್ಸು. 12 ಪಾಠ. ವಾರಕ್ಕೆ ಒಂದರಂತೆ ಮುಗಿಸಿ. ಒಂದೇ ರಾತ್ರಿ ಕೂತು ಮುಗಿಸಿದವರಿಗೆ ಏನೂ ಉಳಿಯುವುದಿಲ್ಲ, ನೋಡಿದ್ದೇನೆ.

ಎರಡನೆಯದು, ನೋಟ್‌ಬುಕ್ಕಿನ ಎದುರುಬದುರು ಎರಡು ಪುಟದಲ್ಲಿ ಕೈಯಾರೆ ಒಂದು ಕಾಲರೇಖೆ ಬರೆಯುವುದು. ಮೂಲನಿವಾಸಿಗಳ ನೆಲದ ಹಕ್ಕನ್ನು ಬ್ರಿಟಿಷ್ ರಾಜ ಒಪ್ಪಿದ 1763ರ ರಾಯಲ್ ಪ್ರೊಕ್ಲಮೇಷನ್. 1871ರಿಂದ 1921ರವರೆಗೆ ಆದ ನಂಬರ್ 1ರಿಂದ 11ರವರೆಗಿನ ಟ್ರೀಟಿಗಳು. 1876ರ ಇಂಡಿಯನ್ ಆ್ಯಕ್ಟ್. ಆ ಆ್ಯಕ್ಟನ್ನೇ ರದ್ದು ಮಾಡಲು ಹೊರಟ 1969ರ ವೈಟ್ ಪೇಪರ್. ಮೂಲನಿವಾಸಿಗಳ ನೆಲದ ಹಕ್ಕು ಕಾನೂನಿನಲ್ಲಿ ಇದೆ ಎಂದ 1973ರ ಕಾಲ್ಡರ್ ತೀರ್ಪು. 1982ರ 35ನೇ ಕಲಂ. ಬಾಯಿಮಾತಿನ ಇತಿಹಾಸಕ್ಕೂ ಕೋರ್ಟಿನಲ್ಲಿ ಸಾಕ್ಷಿಯ ತೂಕ ಕೊಟ್ಟ 1997ರ ಡೆಲ್ಗಮೂಕ್ ತೀರ್ಪು. ಇಂಡಿಜಿನಸ್ ಮಕ್ಕಳ ವಸತಿ ಶಾಲೆಗಳ ಬಗ್ಗೆ ತನಿಖೆ ಮಾಡಿದ ಸತ್ಯ ಮತ್ತು ಸಂಧಾನ ಆಯೋಗದ 2015ರ 94 ಶಿಫಾರಸು. ಒಂದೊಂದರ ಮುಂದೆಯೂ ಒಂದು ಸಾಲು ಖಾಲಿ ಬಿಡಿ: ಇದರಿಂದ ಯಾರ ಯಾವ ನೆಲಕ್ಕೆ ಏನಾಯಿತು? ಆ ಸಾಲು ತುಂಬಲು ಒಂದು ವರ್ಷ ಹಿಡಿಯುತ್ತದೆ. ಹಿಡಿಯಲಿ.

## ಹಂತ 4: ಭಾಷೆಯ ಕ್ಲಾಸು ಮೊದಲ ಟರ್ಮಿನಲ್ಲೇ

ಇದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. "ಇಂಗ್ಲಿಷಿನಲ್ಲೇ ಒದ್ದಾಡ್ತಿದ್ದೀನಿ, ಕ್ರೀ ಯಾಕೆ?" ಅನ್ನುತ್ತಾರೆ. ತಲೆಕೆಳಗಾದ ಲೆಕ್ಕ ಇದು. ಮಿಕ್ಕ ಕ್ಲಾಸುಗಳಲ್ಲಿ "ಸಂಬಂಧ" ಎಂಬ ಪದ ದಿನಕ್ಕೆ ಹತ್ತು ಸಲ ಬರುತ್ತದೆ. ಭಾಷೆಯ ಕ್ಲಾಸಿನಲ್ಲಿ ಅದು ವ್ಯಾಕರಣವಾಗಿ ಕಣ್ಣಿಗೆ ಕಾಣುತ್ತದೆ.

ಕನ್ನಡದವರಿಗೆ ಇಲ್ಲೊಂದು ಖುಷಿಯೂ ಕಾದಿದೆ. ನನ್ನ ಎರಡನೇ ವಾರದ ಕ್ರೀ ಕ್ಲಾಸು. ಬೋರ್ಡಿನ ಮೇಲೆ ನೆಂಟರ ಹೆಸರು. ನಿಸಿಸ್ ಅಂದರೆ ತಾಯಿಯ ಅಣ್ಣತಮ್ಮ. ಹೆಂಡತಿಯ ಅಪ್ಪನೂ ನಿಸಿಸ್. ನಿಸಿಕೊಸ್ ಅಂದರೆ ಅಪ್ಪನ ಅಕ್ಕತಂಗಿ. ಹೆಂಡತಿಯ ಅಮ್ಮನೂ ನಿಸಿಕೊಸ್. ಪಕ್ಕದ ಕೆನಡಾದ ಹುಡುಗಿ ತಲೆ ಕೆರೆದುಕೊಳ್ಳುತ್ತಿದ್ದಳು. ನಾನು ನೋಟ್‌ಬುಕ್ಕಿನಲ್ಲಿ ಎರಡೇ ಪದ ಬರೆದೆ: ಮಾವ, ಅತ್ತೆ. ಆಮೇಲೆ ನಿಕಾವೀಸ್ ಬಂತು, ತಾಯಿಯ ಅಕ್ಕತಂಗಿ. ಬಿಡಿಸಿದರೆ "ಪುಟ್ಟ ತಾಯಿ". ಚಿಕ್ಕಮ್ಮ! ಅಪ್ಪನ ಅಣ್ಣತಮ್ಮ ನೋಹ್ಚಾವೀಸ್, "ಪುಟ್ಟ ತಂದೆ". ಇಂಗ್ಲಿಷಿನವರು ಎಲ್ಲರನ್ನೂ ಅಂಕಲ್, ಆಂಟಿ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಕ್ರೀ ಭಾಷೆ ನಮ್ಮ ಹಾಗೆ ಬಿಡಿಸಿ ಇಡುತ್ತದೆ.

ಕಷ್ಟವಾಗುವ ಕಡೆಯೂ ಹೇಳುತ್ತೇನೆ. ಮೇಲಿನ ಪದಗಳೆಲ್ಲ "ನ್" ಅಥವಾ "ನಿ" ಎಂದು ಶುರುವಾಗುವುದು "ನನ್ನ" ಎಂಬ ಅರ್ಥಕ್ಕೆ. ಯಾರ ಚಿಕ್ಕಮ್ಮ ಎಂದು ಹೇಳದೆ ಸುಮ್ನೆ ಚಿಕ್ಕಮ್ಮ ಅನ್ನಲು ಅಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. "ನಾವು" ಅನ್ನುವುದಕ್ಕೂ ಎರಡು ಪದ. ಕೇಳುವವರನ್ನೂ ಸೇರಿಸಿಕೊಂಡರೆ ಕಿಯಾನಾವ್, ಬಿಟ್ಟರೆ ನಿಯನಾನ್. ತೆಲುಗು ಗೊತ್ತಿದ್ದವರಿಗೆ ಮನಂ, ಮೇಮು ನೆನಪಾದರೆ ಸಾಕು. ಕನ್ನಡದಲ್ಲಿ ಈಗ ಈ ಭೇದ ಇಲ್ಲ, ಅದಕ್ಕೇ ನಾವು ಎಡವುತ್ತೇವೆ. ಇನ್ನು ಕಲ್ಲು, ಅಸಿನಿಯ್, ವ್ಯಾಕರಣದಲ್ಲಿ ಜೀವ ಇರುವ ಗುಂಪಿಗೆ ಸೇರುತ್ತದೆ. "ಕಲ್ಲು ಬಿತ್ತು" ಎಂದು ನಪುಂಸಕದಲ್ಲಿ ಹೇಳಿ ಬೆಳೆದ ನಮ್ಮ ನಾಲಗೆಗೆ ಅದು ಹಿಡಿಸಲು ಸಮಯ ಬೇಕು.

ಸಾಮಾನ್ಯ ತಪ್ಪು: ಅತ್ತೆ-ಮಾವ ಸಿಕ್ಕ ಉತ್ಸಾಹದಲ್ಲಿ "ಕ್ರೀ ಜನರೂ ದ್ರಾವಿಡರೂ ಒಂದೇ ಮೂಲದವರು" ಎಂದು ಪ್ರಬಂಧ ಬರೆಯುವುದು. ನೆಂಟಸ್ತಿಕೆ ಕರೆಯುವ ಕ್ರಮ ಒಂದೇ ತರಹ ಇದ್ದರೆ ಜನ ಒಂದೇ ಆಗುವುದಿಲ್ಲ. ಇಂಥ ಕ್ರಮ ಲೋಕದ ಬೇರೆ ಬೇರೆ ಕಡೆ ಸಿಗುತ್ತದೆ.

## ಹಂತ 5: ಮೊದಲ ಪ್ರಬಂಧ, ಆ ಮೂರು ಪ್ರಶ್ನೆ

ಬರೆಯುವ ಮೊದಲು ಹಾಳೆಯ ಮೇಲ್ಗಡೆ ಮೂರು ಸಾಲು ಬರೆದುಕೊಳ್ಳಿ.

ಯಾವ ಜನ? "ಇಂಡಿಜಿನಸ್ ಜನ ಪ್ರಕೃತಿಯನ್ನು ಪೂಜಿಸುತ್ತಾರೆ" ಎಂಬ ವಾಕ್ಯಕ್ಕೆ ಅಂಕ ಬೀಳುವುದಿಲ್ಲ. ಕ್ರೀಯಾ, ಡೆನೆಯಾ, ಹೈಡಾನಾ, ಮೇಟಿಯಾ? ಅವರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನೇ ಬಳಸಿ. ಇಂಡಿಜಿನಸ್ ಪದವನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಿಂದಲೇ ಶುರು ಮಾಡಿ. ಇಂಡಿಯನ್ ಎಂಬುದು ಕಾನೂನಿನ ಹೆಸರಿನಲ್ಲಿ ಬಂದಾಗ ಬಿಟ್ಟು ಬೇರೆಲ್ಲೂ ಬೇಡ. "ಕೆನಡಾದ ಇಂಡಿಜಿನಸ್ ಜನ" ಎಂಬುದರಲ್ಲಿ "ಕೆನಡಾಕ್ಕೆ ಸೇರಿದವರು" ಎಂಬ ಧ್ವನಿ ಇದೆ, ಅಲ್ವಾ? ಅದಕ್ಕೂ ಕೆಂಪು ಗೆರೆ ಬೀಳುತ್ತದೆ. "ಈಗ ಕೆನಡಾ ಎನ್ನುವ ನೆಲದ" ಎಂದು ತಿರುಗಿಸಿ ಬರೆಯಿರಿ.

ಇನ್ನೊಂದು, ಭೂತಕಾಲ. "ಅವರು ಬೇಟೆಯಾಡುತ್ತಿದ್ದರು, ಕಥೆ ಹೇಳುತ್ತಿದ್ದರು." ಈಗಲೂ ಆಡುತ್ತಾರೆ, ಹೇಳುತ್ತಾರೆ. ಪ್ರಬಂಧ ಮುಗಿದ ಮೇಲೆ ಕ್ರಿಯಾಪದಗಳನ್ನು ಮಾತ್ರ ಇನ್ನೊಮ್ಮೆ ಓದಿ. ಹತ್ತು ನಿಮಿಷದ ಕೆಲಸ, ಹತ್ತು ಅಂಕ ಉಳಿಯುತ್ತದೆ.

ಯಾವ ನೆಲ? ಟ್ರೀಟಿ ನಂಬರು, ಇಲ್ಲದಿದ್ದರೆ ಟ್ರೀಟಿ ಇಲ್ಲ ಎಂಬ ಮಾತು ಮೊದಲ ಪ್ಯಾರಾದಲ್ಲೇ ಬರಬೇಕು. ಈ ನೆಲ ಇಂಥ ಜನರದ್ದು ಎಂದು ಸಭೆಯಲ್ಲಿ ಓದುವ ಭೂಮಿಯ ಕೃತಜ್ಞತೆಯ ಸಾಲನ್ನು ಹಾಗೇ ನಕಲು ಮಾಡಿ ಅಂಟಿಸಿದರೆ ಗೊತ್ತಾಗಿಬಿಡುತ್ತದೆ.

ನೀನು ಯಾರು? ನಮ್ಮವರಿಗೆ ಅತಿ ಕಷ್ಟದ್ದು ಇದು. "ಪ್ರಬಂಧದಲ್ಲಿ ನಾನು ಅನ್ನಬಾರದು" ಎಂದು ಸ್ಕೂಲಿನಿಂದ ಕಲಿತು ಬಂದಿರುತ್ತೇವೆ. ಇಲ್ಲಿ ಅನ್ನಲೇಬೇಕು. ಐದಾರು ಸಾಲು ಸಾಕು: ಎಲ್ಲಿಂದ ಬಂದೆ, ಯಾವ ಭಾಷೆ, ಜಾತಿಯ ಏಣಿಯಲ್ಲಿ ನಮ್ಮ ಮನೆ ಎಲ್ಲಿತ್ತು, ಯಾರ ನೆಲದಲ್ಲಿ ಬಾಡಿಗೆಗೆ ಇದ್ದೇನೆ, ಈ ವಿಷಯದ ಬಗ್ಗೆ ನನಗೆ ಏನು ಗೊತ್ತಿರಲು ಸಾಧ್ಯವಿಲ್ಲ. ಜಾತಿಯ ಮಾತನ್ನು ನುಂಗಿ "ನಾನೂ ವಸಾಹತುಶಾಹಿಯ ಬಲಿಪಶು" ಎಂದಷ್ಟೇ ಬರೆಯುವವರು ಬಹಳ. ಅರ್ಧ ನಿಜ ಅದು. ಊರಿನಲ್ಲಿ ಹಾಡಿಯ ಜನ ನಮ್ಮ ಮನೆಯ ಎಸ್ಟೇಟಿನಲ್ಲಿ ಕೂಲಿಗೆ ಬರುತ್ತಿದ್ದರು ಎಂದು ನಾನು ಬರೆದಿದ್ದು ಮೂರನೇ ವರ್ಷದಲ್ಲಿ. ಮೊದಲ ವರ್ಷವೇ ಬರೆಯಬೇಕಿತ್ತು.

ಆ ಸಮುದಾಯದ ಹಿರಿಯರೊಬ್ಬರ ಮಾತನ್ನು ಬಳಸಿದರೆ ಅವರ ಒಪ್ಪಿಗೆ ಕೇಳಿ, ಹೆಸರು, ನೇಷನ್, ಟ್ರೀಟಿ ನೆಲ, ಮಾತಾಡಿದ ವಿಷಯ, ದಿನಾಂಕ ಹಾಕಿ. ಪುಸ್ತಕದಷ್ಟೇ ಗೌರವದಿಂದ ಪಟ್ಟಿಯಲ್ಲಿ ಸೇರಿಸಿ. ಎಐ ಕೊಟ್ಟ ಉಲ್ಲೇಖಗಳನ್ನು ಲೈಬ್ರರಿಯಲ್ಲಿ ಹುಡುಕದೆ ಹಾಕಬೇಡಿ. ಇಲ್ಲದ ಲೇಖನ, ಇಲ್ಲದ ಹಿರಿಯರ ಹೆಸರು ಸೃಷ್ಟಿಸುತ್ತದೆ. ಈ ವಿಷಯದಲ್ಲಿ ಅದು ಸಣ್ಣ ತಪ್ಪಲ್ಲ.

## ಹಂತ 6: ಹಿರಿಯರ ಬಳಿ ಹೋಗುವಾಗ

ಇಲ್ಲಿ ಸರದಿ ತಪ್ಪಿದರೆ ಅಂಕದ ಜೊತೆ ಬಾಗಿಲೂ ಹೋಗುತ್ತದೆ.

1. ಮೊದಲು ಕ್ಯಾಂಪಸ್ಸಿನ ಇಂಡಿಜಿನಸ್ ವಿದ್ಯಾರ್ಥಿ ಕೇಂದ್ರಕ್ಕೆ ಹೋಗಿ. ಈ ಸಮುದಾಯದಲ್ಲಿ ಕೇಳುವ ಕ್ರಮ ಏನು ಎಂದು ವಿಚಾರಿಸಿ.
2. ಕ್ರೀ ಹಿರಿಯರಾದರೆ ಸಾಮಾನ್ಯವಾಗಿ ಹೊಗೆಸೊಪ್ಪು ಕೊಟ್ಟು ಕೇಳುತ್ತಾರೆ. ನಮ್ಮಲ್ಲಿ ಎಲೆ ಅಡಿಕೆ ಇಟ್ಟು ಕರೆಯುವ ಹಾಗೆ. ಪ್ರಶ್ನೆಗೆ ಮುಂಚೆ ಕೊಡಬೇಕು. ಉತ್ತರ ಸಿಕ್ಕ ಮೇಲೆ ಕೊಟ್ಟರೆ ಅದು ಟಿಪ್ಸ್ ಆಗುತ್ತದೆ. ಇನ್ಯೂಟ್ ಹಿರಿಯರಿಗೆ ಈ ಪದ್ಧತಿ ಇಲ್ಲ, ಎಲ್ಲರಿಗೂ ಒಂದೇ ಮಂತ್ರ ಹೊಡೆಯಬೇಡಿ.
3. ಅವರು ಅದನ್ನು ತೆಗೆದುಕೊಂಡರೆ ಒಪ್ಪಿದ ಹಾಗೆ. ತೆಗೆದುಕೊಳ್ಳದಿದ್ದರೆ ಧನ್ಯವಾದ ಹೇಳಿ ಎದ್ದು ಬನ್ನಿ. ಯಾಕೆ ಎಂದು ಕೇಳಬೇಡಿ.
4. ಕಾಯಿರಿ. ಮೌನ ಬಂದರೆ ತುಂಬಿಸಲು ಹೋಗಬೇಡಿ.
5. ಬರೆದದ್ದನ್ನು ಅವರಿಗೆ ತೋರಿಸಿ. ಆಮೇಲೆ ಮೇಷ್ಟ್ರಿಗೆ.

ನನ್ನ ಮೊದಲ ಭೇಟಿಯಲ್ಲಿ ನಾನು ಹತ್ತು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಪುಟ್ಟ ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪು ಕೊಟ್ಟೆ. ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಟೀ ಮಾಡಲು ಎದ್ದರು. ಇಪ್ಪತ್ತು ನಿಮಿಷ ಏನೂ ಇಲ್ಲ. ಕೆಟಲ್ ಶಬ್ದ ಮಾತ್ರ. ಆಮೇಲೆ ಅವರೇ ಕೇಳಿದರು: ನಿನ್ನ ಅಜ್ಜಿ ಯಾರು, ಎಲ್ಲಿಯವರು? ಯಾವೂರು, ಯಾರ ಮನೆಯವನು ಅಂತ ನಮ್ಮೂರಿನ ಜಗಲಿಯಲ್ಲಿ ಕೇಳುವ ಹಾಗೇ. ನನ್ನ ಪ್ರಶ್ನೆಗಳಲ್ಲಿ ಆ ದಿನ ಕೇಳಲು ಆಗಿದ್ದು ಒಂದು.

ಎಚ್ಚರಿಕೆಯ ಗುರುತುಗಳು: ರೆಕಾರ್ಡರ್ ಕಂಡ ಕೂಡಲೇ ಮಾತು ನಿಂತರೆ ಒಳಗಿಡಿ. ಆಚರಣೆಗೆ ಕರೆದರೆ ಫೋಟೋ ಬೇಡ, ಆಮೇಲೆ ಅದರ ಬಗ್ಗೆ ಪ್ರಬಂಧವೂ ಬೇಡ. ಕ್ರೀ ಜನರ ತುಂಟ ಕಥಾನಾಯಕ ವೀಸಹ್ಕೇಚಾಹ್ಕ್‌ನ ಕಥೆಗಳನ್ನು ಹಿಮ ಇರುವಾಗ ಮಾತ್ರ ಹೇಳುತ್ತಾರೆ. ಜುಲೈನಲ್ಲಿ ಹೋಗಿ "ಒಂದು ಕಥೆ ಹೇಳಿ" ಅಂದರೆ ನೀವು ಏನೂ ಓದಿಲ್ಲ ಎಂದು ಅವರಿಗೆ ಅಲ್ಲೇ ಗೊತ್ತಾಗುತ್ತದೆ.

## ಹಂತ 7: ಮೂರನೇ ವರ್ಷದ ಸಂಶೋಧನೆ, ಕಾಗದಪತ್ರ

ಜನರನ್ನು ಮಾತಾಡಿಸಿ ಮಾಡುವ ಸಂಶೋಧನೆಗೆ ನೈತಿಕ ಸಮಿತಿಯ ಅನುಮತಿ ಬೇಕು. ಕೆನಡಾದ ಸಂಶೋಧನಾ ನೈತಿಕತೆಯ ನೀತಿಯಲ್ಲಿ (ಟಿಸಿಪಿಎಸ್ 2) ಫಸ್ಟ್ ನೇಷನ್ಸ್, ಇನ್ಯೂಟ್, ಮೇಟಿ ಜನರ ಕುರಿತ ಸಂಶೋಧನೆಗೆಂದೇ 9ನೇ ಅಧ್ಯಾಯ ಇದೆ. ಅದನ್ನು ಪೂರ್ತಿ ಓದಿ. ಫಸ್ಟ್ ನೇಷನ್ಸ್ ಮಾಹಿತಿಗೆ ಓಕ್ಯಾಪ್ ಎಂಬ ನಿಯಮಗಳೂ ಇವೆ: ಮಾಹಿತಿಯ ಒಡೆತನ, ಹಿಡಿತ, ಅದನ್ನು ನೋಡುವ ಹಕ್ಕು, ತಮ್ಮ ಬಳಿ ಇಟ್ಟುಕೊಳ್ಳುವ ಹಕ್ಕು, ನಾಲ್ಕೂ ಸಮುದಾಯದ್ದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ.

ಎಡವುವುದು ಕ್ಯಾಲೆಂಡರಿನಲ್ಲಿ. ಜನವರಿಯಲ್ಲಿ ಅರ್ಜಿ ಹಾಕಿ ಮಾರ್ಚಿನಲ್ಲಿ ಸಂದರ್ಶನ ಮಾಡುತ್ತೇನೆ ಅಂದುಕೊಳ್ಳುತ್ತಾರೆ. ಸಮುದಾಯದ ಒಪ್ಪಿಗೆ, ಆಮೇಲೆ ಸಮಿತಿಯ ಒಪ್ಪಿಗೆ, ನಡುವೆ ಒಂದು ಸಾವು, ಒಂದು ಬೇಟೆಯ ಸೀಸನ್, ಒಂದು ಹಿಮಗಾಳಿ. ಸೆಪ್ಟೆಂಬರಿನಲ್ಲೇ ಶುರು ಮಾಡಿ. ಬೇರೆ ದಾರಿಯಾಗಿ ಆರ್ಕೈವ್ ದಾಖಲೆ ಆಧರಿಸಿದ ಒಂದು ವಿಷಯವನ್ನೂ ಮೇಷ್ಟ್ರ ಹತ್ತಿರ ಒಪ್ಪಿಸಿ ಇಟ್ಟುಕೊಳ್ಳಿ.

ಒಂದು ಮಾತು ಇಲ್ಲೇ. ರೆಸಿಡೆನ್ಷಿಯಲ್ ಸ್ಕೂಲುಗಳ ದಾಖಲೆ ಓದಬೇಕಾಗುತ್ತದೆ. 1,50,000ಕ್ಕೂ ಜಾಸ್ತಿ ಇಂಡಿಜಿನಸ್ ಮಕ್ಕಳನ್ನು ಮನೆಯಿಂದ ದೂರ ಇಟ್ಟ ವಸತಿ ಶಾಲೆಗಳು ಅವು, ಕೇಂದ್ರ ಸರ್ಕಾರ ನಡೆಸುತ್ತಿದ್ದ ಕೊನೆಯದು ಮುಚ್ಚಿದ್ದು 1996ರಲ್ಲಿ. ರಾತ್ರಿ ಒಬ್ಬರೇ ಕೂತು ಓದಬೇಡಿ. ಪಕ್ಕದ ಸೀಟಿನವರ ಅಜ್ಜಿಯೇ ಆ ಶಾಲೆಯಲ್ಲಿ ಇದ್ದಿರಬಹುದು. ಕ್ಲಾಸಿನಲ್ಲಿ ಅವರ ಮನೆಯ ಕಥೆ ಕೆದಕಬೇಡಿ.

## ಹಂತ 8: "ಕೆಲಸ ಸಿಗುತ್ತಾ?"

ಮನೆಯಲ್ಲಿ ಮೊದಲ ದಿನವೇ ಕೇಳುತ್ತಾರೆ. ನೇರವಾಗಿ ಹೇಳುತ್ತೇನೆ: ಈ ಕ್ಷೇತ್ರದ ಎಷ್ಟೋ ಕೆಲಸಗಳಿಗೆ ಇಂಡಿಜಿನಸ್ ಅಭ್ಯರ್ಥಿಗಳಿಗೇ ಆದ್ಯತೆ. ಅದು ಸರಿಯಾದದ್ದೇ. ಆದ್ದರಿಂದ ಇದೊಂದೇ ಮೇಜರ್ ನೆಚ್ಚಿಕೊಳ್ಳಬೇಡಿ. ಎರಡನೇ ವರ್ಷದೊಳಗೆ ಜೊತೆಗೆ ಒಂದು ಕೈಕೆಲಸ ಹಿಡಿಯಿರಿ: ಕಂಪ್ಯೂಟರಿನಲ್ಲಿ ಮಾಡುವ ಜಿಐಎಸ್ ನಕ್ಷೆ, ಆರ್ಕೈವ್, ಸಾರ್ವಜನಿಕ ಆರೋಗ್ಯ, ಕಾನೂನಿಗೆ ಹೋಗುವ ತಯಾರಿ. ನೆಲದ ಹಕ್ಕಿಗೆ ಧಕ್ಕೆ ಬರಬಹುದಾದ ಯೋಜನೆಗೆ ಮೊದಲು ಸರ್ಕಾರ ಆ ಜನರ ಜೊತೆ ಮಾತಾಡಲೇಬೇಕು ಎಂದು 2004ರ ಹೈಡಾ ತೀರ್ಪು ಹೇಳಿತು. ಅಲ್ಲಿಂದ ಈಚೆಗೆ ನಕ್ಷೆ ಓದಬಲ್ಲ, ಟ್ರೀಟಿ ಓದಬಲ್ಲ ಜನರಿಗೆ ಕೆಲಸ ಇದೆ.

ಕರ್ನಾಟಕಕ್ಕೆ ವಾಪಸ್ ಬರುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಕೆಲಸ ಬೇಕಾದಷ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಹಕ್ಕುಪತ್ರ ಸಿಕ್ಕಿತು. ಆ ಫೈಲುಗಳನ್ನು ಕೊನೇ ವರ್ಷದಲ್ಲೇ ಓದಲು ಶುರು ಮಾಡಿ, ಕನ್ನಡದಲ್ಲೇ ಓದಿ. ಸೋಲಿಗರ ಹಾಡಿಯಾದ ಪೋಡಿಗೆ ಹೋಗುವ ಮೊದಲು ಆರನೇ ಹಂತವನ್ನು ಇನ್ನೊಮ್ಮೆ ನೋಡಿಕೊಳ್ಳಿ. ಅಲ್ಲಿ ಕೇಳುವ ಕ್ರಮ ಬೇರೆ, ಹೊಗೆಸೊಪ್ಪು ಕಟ್ಟಿಕೊಂಡು ಹೋಗಬೇಡಿ. ಮೊದಲು ಯಜಮಾನರನ್ನು ಕಂಡು ಮಾತಾಡಿ.